ಹಿತ್ತಲ ಸಾಮಾನು ಶೆಡ್‌ಗೆ ಯಾವುದು ಸರಿ: ತಗಡೋ, ಮರವೋ, ಪ್ಲಾಸ್ಟಿಕ್ಕೋ, ಬ್ಲಾಕೋ?

ಹಿತ್ತಲಗಿಡ
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಸಾಮಾನು ಇಡಲು ಒಂದು ಶೆಡ್ ಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಈ ಸಲ ಮಾಡಲೇಬೇಕು.

ಒಳಗೆ ಇಡಬೇಕಾದ್ದು ಇಷ್ಟು: ಗುದ್ದಲಿ, ಸಲಿಕೆ, ತಳ್ಳುಗಾಡಿ, ಪೆಟ್ರೋಲ್ ಹಾಕುವ ಹುಲ್ಲು ಕತ್ತರಿಸುವ ಮೆಷಿನ್, ಎರಡು ಸೈಕಲ್, ಏಣಿ, ನಾಲ್ಕೈದು ಗೊಬ್ಬರದ ಚೀಲ, ಅರ್ಧ ಉಳಿದ ಬಣ್ಣದ ಡಬ್ಬಿಗಳು. ಜೊತೆಗೆ ಅಪ್ಪನ ಮರಗೆಲಸದ ಪೆಟ್ಟಿಗೆ. ಈಗ ಎಲ್ಲವೂ ಟಾರ್ಪಾಲಿನ ಕೆಳಗಿವೆ. ಕಳೆದ ಮಳೆಯಲ್ಲಿ ಅಪ್ಪನ ಉಳಿ, ಕೀಸುಳಿ, ಗರಗಸ ಮೂರಕ್ಕೂ ತುಕ್ಕು ಹಿಡಿಯಿತು. ಅದನ್ನು ನೋಡಿ ತುಂಬಾ ಸಂಕಟವಾಯಿತು.

ಜಾಗ 8 ಅಡಿಗೆ 10 ಅಡಿ. ನೆಲ ಒಂದು ಕಡೆಗೆ ಸ್ವಲ್ಪ ಇಳಿಜಾರು. ಜೋರು ಮಳೆ ಬಂದರೆ ಅರ್ಧ ಗಂಟೆ ನೀರು ನಿಲ್ಲುತ್ತದೆ. ಮಧ್ಯಾಹ್ನ ಪೂರ್ತಿ ಬಿಸಿಲು. ಪಕ್ಕದಲ್ಲಿ ಒಂದು ಹಳೇ ಮರದ ಬುಡ ಇದೆ, ಅದರಲ್ಲಿ ಗೆದ್ದಲು ನೋಡಿದ್ದೇನೆ.

ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ನೀವು ಏನು ಹಾಕಿಸಿದಿರಿ? ಈಗ ಹೇಗಿದೆ? ಅನುಭವ ಇದ್ದವರು ಹೇಳಿ.

ತಗಡಿನ_ಕೆಲಸ
ತಗಡು. ಯೋಚನೆ ಮಾಡೋದೇ ಬೇಡ. ಗೆದ್ದಲು ತಿನ್ನಲ್ಲ, ಕೊಳೆಯಲ್ಲ, ಎರಡು ದಿನದಲ್ಲಿ ನಿಲ್ಲಿಸಬಹುದು. ನಾಳೆ ಬೇಡ ಅನ್ನಿಸಿದರೆ ಬಿಚ್ಚಿ ಬೇರೆ ಕಡೆ ಹಾಕಬಹುದು.

ಮರದ_ಮಾತು
ಅಪ್ಪನ ಉಪಕರಣ ಇಡೋದಾದರೆ ದಯವಿಟ್ಟು ಬರೀ ತಗಡಿನ ಶೆಡ್ ಬೇಡ. ನಾನು ಅದೇ ತಪ್ಪು ಮಾಡಿದ್ದೆ. ಸೂರಿನಲ್ಲಿ ಒಂದು ತೂತು ಇರಲಿಲ್ಲ, ಮಳೆ ಒಳಗೆ ಬರಲಿಲ್ಲ, ಆದರೂ ಆರು ತಿಂಗಳಲ್ಲಿ ಗರಗಸದ ಹಲ್ಲೆಲ್ಲ ಕೆಂಪಾಗಿತ್ತು.

ಓದುಗ_42
ತೂತಿಲ್ಲದೆ ಹೇಗೆ ನೀರು ಬರುತ್ತದೆ? ಎಲ್ಲೋ ಸ್ಕ್ರೂ ಜಾಗದಲ್ಲಿ ಸೋರಿರಬೇಕು.

ಮರದ_ಮಾತು
ಸೋರಿಲ್ಲ. ಮಳೆಯೇ ಇಲ್ಲದ ದಿನ ಬೆಳಗ್ಗೆ ಐದೂವರೆಗೆ ಒಳಗೆ ಹೋಗಿ ತಗಡಿನ ಒಳಮೈಯನ್ನು ಕೈಯಿಂದ ಒರೆಸಿದೆ. ಅಂಗೈ ಒದ್ದೆಯಾಯಿತು. ಇಡೀ ಮಾಡು ಬೆವರಿತ್ತು. ಕೆಲವು ಕಡೆ ಹನಿಗಳು ಕೆಳಗೆ ಬೀಳುತ್ತಾ ಇದ್ದವು.

ಮಳೆಹನಿ
ಮರದ_ಮಾತು ಹೇಳಿದ್ದು ಸರಿ. ಇದು ಇಬ್ಬನಿ ಬೀಳುವ ಹಾಗೆಯೇ. ಮೋಡ ಇಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತೆಳು ಇರೋದರಿಂದ ಬೇಗ ತಣ್ಣಗಾಗಿ, ಸುತ್ತಲಿನ ಗಾಳಿಗಿಂತಲೂ ತಂಪಾಗುತ್ತದೆ. ಗಾಳಿ 25 ಡಿಗ್ರಿ ಇದ್ದು ತೇವ ಶೇಕಡ 80 ಇದ್ದರೆ, ಸುಮಾರು 21 ಡಿಗ್ರಿಗೆ ಇಳಿದ ಯಾವ ಮೈ ಮೇಲಾದರೂ ನೀರು ಕಟ್ಟುತ್ತದೆ. ಬರೀ 4 ಡಿಗ್ರಿ ವ್ಯತ್ಯಾಸ ಸಾಕು. ತಗಡಿಗೆ ಅದು ಒಂದು ರಾತ್ರಿಯ ಕೆಲಸ.

ಒಳಗಿನ ನೆಲ ಬರೀ ಮಣ್ಣಾಗಿದ್ದರೆ ಇನ್ನೂ ಜಾಸ್ತಿ. ಮಣ್ಣಿನ ತೇವ ರಾತ್ರಿಯಿಡೀ ಮೇಲೆ ಏಳುತ್ತಲೇ ಇರುತ್ತದೆ, ಹೋಗಲು ದಾರಿ ಇರೋದಿಲ್ಲ.

ತಗಡಿನ_ಕೆಲಸ
ಸರಿ, ಬೆವರುತ್ತದೆ, ಒಪ್ಪಿದೆ. ಆದರೆ ಅದಕ್ಕೆ ಪರಿಹಾರ ಇದೆ ಅಲ್ವಾ? ತಗಡಿನ ಒಳಮೈಗೆ ಬಟ್ಟೆಯಂಥ ಪದರ ಅಂಟಿಸಿ ಕೊಡುತ್ತಾರೆ. ಅದು ರಾತ್ರಿ ನೀರು ಹೀರಿಕೊಂಡು ಹಗಲು ಗಾಳಿಗೆ ಬಿಡುತ್ತದೆ. ಇಲ್ಲಾಂದ್ರೆ ತಗಡಿನ ಕೆಳಗೆ ಫೋಮ್ ಶೀಟ್ ಹಾಕಿ. ಒಂದು ಗೋಡೆಯಲ್ಲಿ ಕೆಳಗೆ, ಎದುರು ಗೋಡೆಯಲ್ಲಿ ಮೇಲೆ ಗಾಳಿಕಿಂಡಿ ಬಿಡಿ. ಇದನ್ನೆಲ್ಲ ಮಾಡದೆ ತಗಡನ್ನು ಬೈದರೆ ಹೇಗೆ?

ಹಳೇಗುದ್ದಲಿ
ಗಾಳಿಕಿಂಡಿಗೆ ಜಾಲರಿ ಮರೆಯಬೇಡಿ. ಜಾಲರಿಯ ಕಣ್ಣು 6 ಮಿ.ಮೀ.ಗಿಂತ ಚಿಕ್ಕದಿರಲಿ. ಇಲಿಮರಿಗೆ ಅಷ್ಟು ಸಂದಿ ಸಾಕು. ನನ್ನ ಬಿತ್ತನೆ ಬೀಜದ ಡಬ್ಬಿ ಹಾಗೇ ಹೋಯಿತು.

ಸಾಲು_ಇಟ್ಟಿಗೆ
ಇಷ್ಟೆಲ್ಲ ಯಾಕೆ? ಸಿಮೆಂಟ್ ಬ್ಲಾಕ್ ಕಟ್ಟಿಬಿಡಿ. ಒಂದು ಸಲ ಕಷ್ಟ, ಆಮೇಲೆ ಜೀವನಪೂರ್ತಿ ಚಿಂತೆ ಇಲ್ಲ. ಗೋಡೆಗೆ ಎಲ್ಲಿ ಬೇಕಾದರೂ ಮೊಳೆ ಹೊಡೆದು ಏಣಿ, ಸೈಕಲ್ ತೂಗುಹಾಕಬಹುದು. ಕಳ್ಳರ ಭಯವೂ ಕಡಿಮೆ.

ನಟ್ಟುಬೋಲ್ಟು
ಬ್ಲಾಕ್ ಒಳ್ಳೆಯದೇ. ಆದರೆ ತೂಕ ಲೆಕ್ಕ ಹಾಕಿದ್ದೀರಾ? 8ಕ್ಕೆ 10 ಅಡಿ ಶೆಡ್, ಗೋಡೆ 7 ಅಡಿ ಎತ್ತರ ಅಂದರೆ ಬಾಗಿಲು ಕಳೆದು ಸುಮಾರು 22 ಚದರ ಮೀಟರ್ ಗೋಡೆ. 8 ಇಂಚಿನ ಹಾಲೋ ಬ್ಲಾಕ್ ಒಂದಕ್ಕೆ 17-18 ಕಿಲೋ. ಚದರ ಮೀಟರಿಗೆ ಹನ್ನೆರಡೂವರೆ ಬ್ಲಾಕ್ ಬೇಕು. ಹತ್ತಿರ ಹತ್ತಿರ 5 ಟನ್ ಆಯಿತು! ಅದಕ್ಕೆ ಸರಿಯಾದ ಪಾಯ ತೆಗೆಯಲೇಬೇಕು. ನೀರು ನಿಲ್ಲುವ, ಇಳಿಜಾರಿರುವ ಜಾಗ ಬೇರೆ. ಪಾಯ ಒಂದು ಕಡೆ ಕುಸಿದರೆ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬರುತ್ತದೆ.

ಇನ್ನೊಂದು ವಿಷಯ. ಬ್ಲಾಕ್ ತಾನೇ ನೀರು ಹೀರುತ್ತದೆ. ಹೊರಗೆ ಪ್ಲಾಸ್ಟರ್ ಮಾಡದೆ ಬಿಟ್ಟರೆ ಜೋರು ಮಳೆಯಲ್ಲಿ ಒಳಮೈಯೂ ಒದ್ದೆಯಾಗುತ್ತದೆ. ಪಾಯದ ಮೇಲೆ ತೇವ ಏರದ ಹಾಗೆ ಒಂದು ಪದರ ಕೊಡದಿದ್ದರೆ ಕೆಳಗಿನ ಎರಡು ಸಾಲಿನಲ್ಲಿ ಬಿಳಿ ಉಪ್ಪು ಏಳುತ್ತದೆ.

ಸಾಲು_ಇಟ್ಟಿಗೆ
ಯಾರು ಪ್ಲಾಸ್ಟರ್ ಮಾಡದೆ ಬಿಡುತ್ತಾರೆ ಸರ್? ಸರಿಯಾಗಿ ಕಟ್ಟಿದರೆ ಯಾವ ತೊಂದರೆಯೂ ಇಲ್ಲ. 4 ಇಂಚಿನ ಬ್ಲಾಕ್ ತಗೊಂಡು ಮೂಲೆಗಳಲ್ಲಿ ಕಂಬ ಕೊಟ್ಟರೆ ತೂಕವೂ ಕಡಿಮೆಯಾಗುತ್ತದೆ. ತೂಕ ಬೇಡವೇ ಬೇಡ ಅಂದರೆ ಎಎಸಿ ಬ್ಲಾಕ್ (ಒಳಗೆಲ್ಲ ಗಾಳಿ ಗುಳ್ಳೆ ಇರೋ ಹಗುರ ಸಿಮೆಂಟ್ ಬ್ಲಾಕ್) ಇದೆ, ಘನಮೀಟರಿಗೆ 600 ಕಿಲೋ ಆಸುಪಾಸು. ಇಟ್ಟಿಗೆಯ ಮೂರನೇ ಒಂದು ಭಾಗ ಅಷ್ಟೇ.

ನಟ್ಟುಬೋಲ್ಟು
ಎಎಸಿಗೆ ನೀವು ಹೇಳಿದ ಹಾಗೆ ಎಲ್ಲಿ ಬೇಕಾದರೂ ಮೊಳೆ ಹೊಡೆಯೋಕೆ ಆಗಲ್ಲ. ಸಾಮಾನ್ಯ ಮೊಳೆ ಭಾರ ಬಿದ್ದರೆ ಕಿತ್ತು ಬರುತ್ತದೆ, ಅದಕ್ಕೇ ಬೇರೆ ಆಂಕರ್ ಬೇಕು. ಅದು ನೀರನ್ನೂ ಚೆನ್ನಾಗಿ ಹೀರುತ್ತದೆ. ನೀರು ನಿಲ್ಲುವ ಕಡೆ ನೆಲದಿಂದಲೇ ಎಎಸಿ ಶುರು ಮಾಡಬಾರದು.

ಸಾಲು_ಇಟ್ಟಿಗೆ
ಅದು ಸರಿ. ಕೆಳಗಿನ ಎರಡು ಸಾಲು ಗಟ್ಟಿ ಬ್ಲಾಕ್ ಹಾಕಬೇಕು.

ಬೆಳಗಿನ_ಬಿಸಿಲು
ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಶೆಡ್ ಇದೆ, ಏಳು ವರ್ಷ ಆಯಿತು. ಒಂದು ಮಧ್ಯಾಹ್ನದಲ್ಲಿ ನಾನು, ನನ್ನ ತಂಗಿ ಇಬ್ಬರೇ ಜೋಡಿಸಿದೆವು. ತುಕ್ಕಿಲ್ಲ, ಬಣ್ಣ ಬಳಿಯೋದಿಲ್ಲ, ಪೈಪಲ್ಲಿ ನೀರು ಬಿಟ್ಟು ತೊಳೆದರೆ ಆಯಿತು. ಯಾಕೆ ಯಾರೂ ಪ್ಲಾಸ್ಟಿಕ್ ಬಗ್ಗೆ ಮಾತಾಡುತ್ತಿಲ್ಲ?

ತಗಡಿನ_ಕೆಲಸ
ಯಾಕಂದ್ರೆ ಅವರ ಜಾಗದಲ್ಲಿ ಮಧ್ಯಾಹ್ನ ಪೂರ್ತಿ ಬಿಸಿಲು ಇದೆ. ಬಿಸಿಲಿಗೆ ಪ್ಲಾಸ್ಟಿಕ್ ಪುಡಿ ಪುಡಿಯಾಗುತ್ತದೆ.

ಬೆಳಗಿನ_ಬಿಸಿಲು
ನಮ್ಮದು ಏಳು ವರ್ಷದಲ್ಲಿ ಪುಡಿಯಾಗಿಲ್ಲವಲ್ಲ!

ಮಳೆಹನಿ
ಇಬ್ಬರ ಮಾತಲ್ಲೂ ಸತ್ಯ ಇದೆ. ಪ್ಲಾಸ್ಟಿಕ್ ಅಂದರೆ ಒಂದೇ ಅಲ್ಲ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳನ್ನು ಕತ್ತರಿಸುತ್ತದೆ. ಅದನ್ನು ತಡೆಯುವ ವಸ್ತು ಸೇರಿಸಿದ್ದರೆ ಬಹಳ ವರ್ಷ ಬರುತ್ತದೆ, ಇಲ್ಲದಿದ್ದರೆ ಮೇಲೆ ಬಿಳಿ ಪುಡಿ ಎದ್ದು ಬಿರುಕು ಬಿಡುತ್ತದೆ. ಕಪ್ಪು ನೀರಿನ ಪೈಪು ಬಿಸಿಲಿನಲ್ಲಿ ಅಷ್ಟು ವರ್ಷ ಬಾಳುವುದು ಯಾಕೆ ಗೊತ್ತಾ? ಅದರಲ್ಲಿ ಶೇಕಡ 2ರಿಂದ 2.5ರಷ್ಟು ಕಾರ್ಬನ್ ಬ್ಲಾಕ್ ಅನ್ನೋ ಕಪ್ಪು ಮಸಿ ಬೆರೆಸಿರುತ್ತಾರೆ. ಅಷ್ಟು ಮಸಿ ಸಾಕು ಕಿರಣವನ್ನು ಹೊರಗೇ ತಡೆಯೋದಕ್ಕೆ.

ನನಗೆ ಪ್ಲಾಸ್ಟಿಕ್ ಬಗ್ಗೆ ಚಿಂತೆ ಬೇರೆ. ಅದು ಬಿಸಿಗೆ ತುಂಬಾ ಹಿಗ್ಗುತ್ತದೆ. 2 ಮೀಟರ್ ಉದ್ದದ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಫಲಕ 30 ಡಿಗ್ರಿ ಬಿಸಿಯೇರಿದರೆ 8-9 ಮಿ.ಮೀ. ಉದ್ದವಾಗಬಹುದು. ಅದೇ ಉದ್ದದ ಉಕ್ಕು 1 ಮಿ.ಮೀ. ಕೂಡ ಆಗೋದಿಲ್ಲ. ಅದಕ್ಕೇ ಪ್ಲಾಸ್ಟಿಕ್ ಶೆಡ್ಡಿನ ಬಾಗಿಲು ಬೆಳಗ್ಗೆ ಸಲೀಸಾಗಿ ಹಾಕಿಕೊಳ್ಳುತ್ತದೆ, ಮಧ್ಯಾಹ್ನ ಬಿಗಿಯಾಗುತ್ತದೆ.

ಬೆಳಗಿನ_ಬಿಸಿಲು
ಅಯ್ಯೋ ಹೌದು! ಬಾಗಿಲು ಮಧ್ಯಾಹ್ನ ಬಿಗಿಯಾಗೋದು ನಿಜ. ಇಷ್ಟು ದಿನ ಯಾಕೆ ಅಂತ ಗೊತ್ತಿರಲಿಲ್ಲ. ಮತ್ತೊಂದು ಹೇಳಬೇಕು, ಗೋಡೆಗೆ ಭಾರ ತೂಗುಹಾಕೋಕೆ ಆಗಲ್ಲ. ನಾವು ಒಳಗೆ ಪ್ರತ್ಯೇಕವಾಗಿ ನಿಲ್ಲುವ ಕಬ್ಬಿಣದ ರ್‍ಯಾಕ್ ಇಟ್ಟಿದ್ದೇವೆ.

ಸೈಕಲ್_ಸವಾರ
ಪ್ಲಾಸ್ಟಿಕ್ ಆಗಲಿ ತಗಡಾಗಲಿ, ನೆಲಕ್ಕೆ ಕಟ್ಟಿಹಾಕಿ. ನಮ್ಮ ಪಕ್ಕದವರ ಶೆಡ್ ಒಂದು ರಾತ್ರಿ ಗಾಳಿಗೆ ಎದ್ದು ನಮ್ಮ ಕಾಂಪೌಂಡಿನೊಳಗೆ ಬಿತ್ತು. ಯಾರಿಗೂ ಏಟಾಗಲಿಲ್ಲ ಅನ್ನೋದು ನಮ್ಮ ಪುಣ್ಯ.

ನಟ್ಟುಬೋಲ್ಟು
ಇದನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಗಂಟೆಗೆ 100 ಕಿ.ಮೀ. ಗಾಳಿ ಒಂದು ಚದರ ಮೀಟರ್ ಮೈ ಮೇಲೆ ಹಾಕುವ ಒತ್ತಡ ಸುಮಾರು 48 ಕಿಲೋ ತೂಕಕ್ಕೆ ಸಮ. 8ಕ್ಕೆ 10 ಅಡಿ ಮಾಡು ಅಂದರೆ ಏಳೂವರೆ ಚದರ ಮೀಟರ್ ಹತ್ತಿರ. ಅಷ್ಟೇ ಬಲ ಮೇಲಕ್ಕೆ ಎತ್ತಿದರೂ 350 ಕಿಲೋ ದಾಟುತ್ತದೆ. ಅರ್ಧ ಮಿ.ಮೀ. ತಗಡಿನಲ್ಲಿ ಇಡೀ ಶೆಡ್ ಮಾಡಿದರೆ ಗೋಡೆ, ಮಾಡು ಎಲ್ಲ ಸೇರಿ ತಗಡಿನ ತೂಕ 120ರಿಂದ 150 ಕಿಲೋ. ಹಾಗಾದರೆ ಉಳಿದದ್ದನ್ನು ಹಿಡಿದುಕೊಳ್ಳೋದು ಯಾರು? ಬೋಲ್ಟು, ಮತ್ತೆ ಅದರ ಕೆಳಗಿನ ಕಾಂಕ್ರೀಟು.

4 ಇಂಚು ದಪ್ಪದ ಕಾಂಕ್ರೀಟ್ ನೆಲ ಈ ಅಳತೆಗೆ 1,800 ಕಿಲೋ ಹತ್ತಿರ ಬರುತ್ತದೆ. ಅದಕ್ಕೆ ಚೌಕಟ್ಟನ್ನು ಬೋಲ್ಟ್ ಹಾಕಿ ಬಿಗಿದರೆ ನೆಮ್ಮದಿಯಾಗಿ ಮಲಗಬಹುದು.

ಹಿತ್ತಲಗಿಡ
ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಧನ್ಯವಾದ. ಕಾಂಕ್ರೀಟ್ ನೆಲ ಹಾಕೋದು ಅಂತ ಆಗಲೇ ಮನಸ್ಸು ಮಾಡಿದೆ. ಆದರೆ ಗೋಡೆ ಬಗ್ಗೆ ಇನ್ನೂ ಗೊಂದಲ. ಮರದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಗೆದ್ದಲು ಇರುವ ಕಡೆ ಮರ ಹಾಕೋದು ಹುಚ್ಚುತನವಾ?

ಮರದ_ಮಾತು
ಹುಚ್ಚುತನ ಅಲ್ಲ. ಆದರೆ ಮೊದಲು ಆ ಮರದ ಬುಡ ತೆಗೆಸಿ. ಅದು ಅಲ್ಲಿರುವ ತನಕ ನೀವು ಏನು ಕಟ್ಟಿದರೂ ಪಕ್ಕದಲ್ಲೇ ಗೆದ್ದಲನ್ನು ಸಾಕಿದ ಹಾಗೆ.

ಮರ ಯಾಕೆ ಹಾಳಾಗುತ್ತದೆ ಅನ್ನೋದು ಗೊತ್ತಾದರೆ ಭಯ ಕಡಿಮೆಯಾಗುತ್ತದೆ. ಮರದಲ್ಲಿ ತೇವ ಶೇಕಡ 20ರ ಒಳಗೆ ಇದ್ದರೆ ಅದನ್ನು ಕೊಳೆಸುವ ಬೂಷ್ಟು ಬೆಳೆಯಲಾರದು. ಮಳೆ ಬಿದ್ದು ಬೇಗ ಒಣಗಿದರೆ ಮರಕ್ಕೆ ಏನೂ ಆಗಲ್ಲ. ಒದ್ದೆಯಾಗಿ ಒಣಗದೆ ಉಳಿದ ಜಾಗದಲ್ಲಿ ಕೊಳೆಯುತ್ತದೆ. ಅದು ಯಾವಾಗಲೂ ನೆಲಕ್ಕೆ ತಾಗುವ ಕಡೆ, ಎರಡು ಹಲಗೆ ಕೂಡುವ ಕಡೆ, ಹಲಗೆಯ ತುದಿಯಲ್ಲಿ. ತುದಿ ಮುಖ್ಯ. ಮರದ ನೀರಿನ ಕೊಳವೆಗಳು ಅಲ್ಲಿ ತೆರೆದಿರುತ್ತವೆ, ಬದಿಗಿಂತ ಎಷ್ಟೋ ಪಾಲು ಬೇಗ ನೀರು ಎಳೆಯುತ್ತವೆ. ಹಲಗೆ ಕತ್ತರಿಸಿದ ಮೇಲೆ ಪ್ರತಿ ತುದಿಗೂ ಎರಡು ಸಲ ಬಣ್ಣವೋ ಸೀಲರೋ ಕೊಡಬೇಕು. ಹೆಚ್ಚಿನವರು ಮುಂದಿನ ಮೈಗೆ ಮೂರು ಕೋಟು ಬಳಿದು ತುದಿಯನ್ನು ಹಾಗೇ ಬಿಡುತ್ತಾರೆ.

ನೆಲದಿಂದ ಕನಿಷ್ಠ 6 ಇಂಚು ಮೇಲೆ ಮರ ಶುರುವಾಗಲಿ. ಮಳೆಹನಿ ನೆಲಕ್ಕೆ ಬಿದ್ದು ಎಗರುವ ಎತ್ತರ ಅದು. ಸೂರು ಗೋಡೆಯಿಂದ ಒಂದು ಅಡಿ ಹೊರಗೆ ಚಾಚಲಿ. ಇಷ್ಟು ಮಾಡಿದರೆ ಸಾಧಾರಣ ಮರವೂ ಬಾಳುತ್ತದೆ. ಗೆದ್ದಲು ಬಂದರೂ ಆ 6 ಇಂಚು ಕಾಂಕ್ರೀಟಿನ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಹತ್ತಬೇಕು, ಆಗ ನಿಮ್ಮ ಕಣ್ಣಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಸುತ್ತು ಹಾಕಿ ನೋಡಿ.

ಇನ್ನು ಮರದ ದೊಡ್ಡ ಗುಣ ಯಾರೂ ಹೇಳಲಿಲ್ಲ. ಅದು ಗಾಳಿಯ ತೇವವನ್ನು ತಾನು ಸ್ವಲ್ಪ ಹೀರಿ, ಒಣಗಿದಾಗ ಬಿಟ್ಟುಕೊಡುತ್ತದೆ. ಒಳಮೈ ಬೆವರೋದಿಲ್ಲ. ಉಳಿ, ಗರಗಸ ಇಡೋಕೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ.

ತಗಡಿನ_ಕೆಲಸ
ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಯೋರು ಯಾರು?

ಮರದ_ಮಾತು
ನಾನೇ ಬಳಿಯುತ್ತೇನೆ. ಅದು ನನಗೆ ಇಷ್ಟದ ಕೆಲಸ.

ಹಳೇಗುದ್ದಲಿ
ಔಷಧಿ ಹಾಕಿದ ಮರ ತಗೋಬಹುದು ಅಲ್ವಾ? ಹಸಿರು ಬಣ್ಣದ್ದು. ನೆಲಕ್ಕೆ ತಾಗಿದರೂ ಏನೂ ಆಗಲ್ಲ ಅಂತಾರೆ.

ನಟ್ಟುಬೋಲ್ಟು
ತಗೋಬಹುದು, ಎರಡು ಎಚ್ಚರ ಇರಲಿ. ಒಂದು, ಹಳೇ ಕಾಲದ ಹಸಿರು ಮರದಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರುತ್ತಿತ್ತು. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಅದನ್ನು ಹಾಕೋದು ನಿಲ್ಲಿಸಿದರು. ಎಲ್ಲಿಂದಲೋ ಕಿತ್ತ ಹಳೇ ಹಸಿರು ಹಲಗೆ ಸಿಕ್ಕರೆ ಅದರ ಚೂರನ್ನು ಒಲೆಗೆ ಹಾಕಲೇಬೇಡಿ. ಹೊಗೆಯೂ ವಿಷ, ಬೂದಿಯೂ ವಿಷ.

ಎರಡು, ಈಗಿನ ಔಷಧಿಗಳಲ್ಲಿ ತಾಮ್ರ ಇನ್ನೂ ಜಾಸ್ತಿ. ತಾಮ್ರ ತುಂಬಿದ ಒದ್ದೆ ಮರಕ್ಕೆ ತಾಗಿದ ಸತುವು, ಅಲ್ಯೂಮಿನಿಯಂ ಎರಡೂ ಬೇಗ ತಿಂದುಹೋಗುತ್ತವೆ. ಅಂಥ ಮರಕ್ಕೆ ತೆಳು ಸತುವಿನ ಹೊಳೆಯುವ ಸ್ಕ್ರೂ ಹಾಕಿದರೆ ಕೆಲವೇ ವರ್ಷದಲ್ಲಿ ತಲೆ ಮಾತ್ರ ಉಳಿಯುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ಹಾಕಬೇಕು. ತಗಡಿನ ಮಾಡನ್ನು ನೇರ ಆ ಮರದ ಮೇಲೆ ಕೂರಿಸಬಾರದು, ನಡುವೆ ಒಂದು ಟಾರು ಕಾಗದದ ಪಟ್ಟಿ ಇರಲಿ.

ಓದುಗ_42
ಹಾಗೇ ಹಸಿ ಸಿಮೆಂಟಿಗೂ ಅಲ್ಯೂಮಿನಿಯಂ ತಾಗಿಸಬಾರದು ಅಂತ ಕೇಳಿದ್ದೇನೆ. ಸರಿಯಾ?

ನಟ್ಟುಬೋಲ್ಟು
ಸರಿ. ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ, ಸತುವು ಎರಡನ್ನೂ ಕೆಡಿಸುತ್ತದೆ. ತಗಡಿನ ಕೆಳ ಅಂಚನ್ನು ಗಾರೆಯಲ್ಲಿ ಹೂತು ಮುಚ್ಚುವ ರೂಢಿ ಇದೆಯಲ್ಲ, ಅಲ್ಲಿಂದಲೇ ತುಕ್ಕು ಶುರುವಾಗೋದು.

ಹಳೇಗುದ್ದಲಿ
ನನ್ನ ಹತ್ತಿರ ಹಳೇ ಸಿಮೆಂಟ್ ಶೀಟ್ ಹತ್ತು ಹನ್ನೆರಡು ಬಿದ್ದಿವೆ. ಕತ್ತರಿಸಿ ಮಾಡಿಗೆ ಹಾಕಿಕೊಳ್ಳಬಹುದು. ಯಾರಿಗೆ ಬೇಕಾದರೂ ಸುಮ್ನೆ ಕೊಡುತ್ತೇನೆ.

ಮಳೆಹನಿ
ಅಣ್ಣ, ದಯವಿಟ್ಟು ಬೇಡ. ಹಳೇ ಸಿಮೆಂಟ್ ಶೀಟ್ ಅಂದರೆ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ತುಂಬಾ. ಸುಮ್ಮನೆ ಬಿದ್ದಿದ್ದರೆ ಅಪಾಯ ಕಡಿಮೆ. ಕತ್ತರಿಸಿದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಬರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರೋದಿಲ್ಲ, ಕಾಯಿಲೆ ಕಾಣಿಸಿಕೊಳ್ಳೋದು ಹತ್ತಾರು ವರ್ಷ ಆದ ಮೇಲೆ. ಯೂರೋಪಿಯನ್ ಒಕ್ಕೂಟದಲ್ಲಿ 2005ರಿಂದ ಅದಕ್ಕೆ ನಿಷೇಧ ಇದೆ. ಈಗಿರೋ ಕಡೆಯಿಂದ ಅಲುಗಿಸಬೇಡಿ. ತೆಗೆಸಲೇಬೇಕಾದರೆ ಆ ಕೆಲಸ ಗೊತ್ತಿರುವವರಿಂದ ನೆನೆಸಿ, ಒಡೆಯದ ಹಾಗೆ ತೆಗೆಸಿ. ಗುಡಿಸೋದು, ಉಜ್ಜೋದು ಏನೂ ಮಾಡಬೇಡಿ.

ಹಳೇಗುದ್ದಲಿ
ಹೇಳಿದ್ದು ಒಳ್ಳೆಯದಾಯಿತು. ಮುಂದಿನ ವಾರ ಗರಗಸ ಹಿಡಿಯೋನಿದ್ದೆ. ಮುಟ್ಟಲ್ಲ.

ಸಾಲು_ಇಟ್ಟಿಗೆ
ಈಗ ಸಿಗೋ ಫೈಬರ್ ಸಿಮೆಂಟ್ ಬೋರ್ಡ್ ಬೇರೆ. ಅದರಲ್ಲಿ ಮರದ ತಿರುಳಿನ ನಾರು ಇರುತ್ತದೆ. ಗೆದ್ದಲು ತಿನ್ನಲ್ಲ, ಕೊಳೆಯಲ್ಲ, ಬೆಂಕಿ ಹಿಡಿಯಲ್ಲ. ಮರದ ಅಥವಾ ಉಕ್ಕಿನ ಚೌಕಟ್ಟು ಮಾಡಿ ಹೊರಗಿನಿಂದ ಇದನ್ನು ಹೊಡೆದರೆ ಗೋಡೆ ಆಯಿತು. ತಗೊಳ್ಳುವಾಗ ‘ಕಲ್ನಾರು ಇಲ್ಲದ್ದು’ ಅಂತ ಬರೆದಿರೋದನ್ನು ನೋಡಿಯೇ ತಗೊಳ್ಳಿ. ಕತ್ತರಿಸುವಾಗ ಇದರದ್ದೂ ದೂಳು ಒಳ್ಳೆಯದಲ್ಲ, ಸಿಲಿಕಾ ಇರುತ್ತದೆ. ಗೀರಿ ಮುರಿಯೋದು ವಾಸಿ. ಗರಗಸವೇ ಬೇಕಾದರೆ ನೀರು ಹಾಕಿಕೊಂಡು, ಒಳ್ಳೆಯ ಮಾಸ್ಕ್ ಕಟ್ಟಿಕೊಂಡು ಮಾಡಿ.

ಸೈಕಲ್_ಸವಾರ
ಇದು ಚೆನ್ನಾಗಿದೆ. ಆದರೆ ಈ ಬೋರ್ಡು ಏಟಿಗೆ ಒಡೆಯುತ್ತದೆ ಅಲ್ವಾ? ಸೈಕಲ್ ಹ್ಯಾಂಡಲ್ ಒರಗಿದರೆ?

ಸಾಲು_ಇಟ್ಟಿಗೆ
6 ಮಿ.ಮೀ. ತೆಳುವಿನದು ಒಡೆಯಬಹುದು. 10 ಮಿ.ಮೀ. ಹಾಕಿ, ಚೌಕಟ್ಟಿನ ಕಂಬಗಳು 40 ಸೆಂ.ಮೀ.ಗೊಂದು ಬರಲಿ.

ತಗಡಿನ_ಕೆಲಸ
ಎಲ್ಲರೂ ಸೇರಿ ತಗಡನ್ನು ಹೊರಗೆ ಹಾಕುತ್ತಾ ಇದ್ದೀರಿ! ಮಾಡಿಗಾದರೂ ತಗಡೇ ಬೇಕು, ಅದನ್ನು ಯಾರೂ ಅಲ್ಲಗಳೆಯಲಾರರು. ಕೊಳ್ಳುವಾಗ ನೋಡಬೇಕಾದ್ದು ಹೇಳುತ್ತೇನೆ.

ತಗಡಿನ ದಪ್ಪ ಹೇಳೋ ಗೇಜ್ ಸಂಖ್ಯೆ ನಂಬಬೇಡಿ. ಸಂಖ್ಯೆ ಹೆಚ್ಚಾದಷ್ಟು ತಗಡು ತೆಳು, ಅದೂ ಒಬ್ಬೊಬ್ಬರ ಪಟ್ಟಿಯಲ್ಲಿ ಒಂದೊಂದು ಥರ. ಮಿ.ಮೀ.ನಲ್ಲಿ ಕೇಳಿ. ಮಾಡಿಗೆ 0.5 ಮಿ.ಮೀ. ಇರಲಿ. ಅದಕ್ಕಿಂತ ಮುಖ್ಯ ಅದರ ಮೇಲಿನ ಲೇಪ. 275 ಅಂತ ಇದ್ದರೆ ಒಂದು ಚದರ ಮೀಟರ್ ತಗಡಿಗೆ ಎರಡೂ ಮೈ ಸೇರಿ 275 ಗ್ರಾಂ ಸತುವು ಅಂತ ಅರ್ಥ. 120 ಅಂದರೆ ಅರ್ಧಕ್ಕಿಂತ ಕಡಿಮೆ. ನೋಡೋಕೆ ಎರಡೂ ಒಂದೇ ಥರ ಹೊಳೆಯುತ್ತವೆ, ಬಾಳಿಕೆ ಮಾತ್ರ ಆಕಾಶ ಭೂಮಿ. ಗ್ಯಾಲ್ವಲ್ಯೂಮ್ ಅಂತ ಕರೆಯೋದರಲ್ಲಿ ಶೇಕಡ 55 ಅಲ್ಯೂಮಿನಿಯಂ, ಉಳಿದದ್ದು ಹೆಚ್ಚಾಗಿ ಸತುವು. ಅದು ಅಷ್ಟೇ ದಪ್ಪದ ಬರೀ ಸತುವಿನ ಲೇಪಕ್ಕಿಂತ ಜಾಸ್ತಿ ಬಾಳುತ್ತದೆ.

ಸತುವಿನ ವಿಶೇಷ ಏನಂದ್ರೆ, ಸಣ್ಣ ಗೀರು ಬಿದ್ದರೆ ಪಕ್ಕದ ಸತುವು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಬರೀ ಬಣ್ಣಕ್ಕೆ ಆ ಗುಣ ಇಲ್ಲ.

ಮತ್ತೆ, ತಂದ ತಗಡನ್ನು ಒಂದರ ಮೇಲೊಂದು ಅಡಕಿ ಮಳೆಗೆ ಬಿಡಬೇಡಿ. ನಡುವೆ ನೀರು ನಿಂತು ಗಾಳಿ ಸಿಗದೆ ಬಿಳಿ ತುಕ್ಕು ಬರುತ್ತದೆ. ಹಾಕೋಕೆ ಮುಂಚೆಯೇ ಅರ್ಧ ಆಯಸ್ಸು ಹೋಗುತ್ತದೆ.

ಓದುಗ_42
ಸುಕ್ಕು ತಗಡು ಅನ್ನೋದು ತುಂಬಾ ಹಳೇ ಉಪಾಯ ಗೊತ್ತಾ? 1829ರಲ್ಲಿ ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಅದಕ್ಕೆ ಪೇಟೆಂಟ್ ತಗೊಂಡರು. ಸರಕಿನ ಶೆಡ್ಡಿಗೇ ಮೊದಲು ಬಳಸಿದ್ದು. ತೆಳು ಕಬ್ಬಿಣವನ್ನು ಅಲೆ ಅಲೆಯಾಗಿ ಬಗ್ಗಿಸಿದರೆ ಎಷ್ಟು ಗಟ್ಟಿಯಾಗುತ್ತದೆ ಅಂದರೆ ಕೆಳಗೆ ತೊಲೆಯೇ ಕಡಿಮೆ ಸಾಕು. ಆದರೆ ಆಗ ಸತುವಿನ ಲೇಪ ಇರಲಿಲ್ಲ, ತುಕ್ಕು ಹಿಡಿಯುತ್ತಿತ್ತು. ಫ್ರಾನ್ಸಿನ ಸೊರೆಲ್ 1837ರಲ್ಲಿ ಬಿಸಿ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇದು ಪ್ರಪಂಚವೆಲ್ಲ ಹರಡಿತು.

ಬೆಳಗಿನ_ಬಿಸಿಲು
ಶೆಡ್ಡಿಗೇ ಹುಟ್ಟಿದ ತಗಡು ಅಂದ ಹಾಗಾಯಿತು! ಇದು ಗೊತ್ತಿರಲಿಲ್ಲ.

ಹಳೇಗುದ್ದಲಿ
ತಗಡಿನ ಸ್ಕ್ರೂ ಯಾವಾಗಲೂ ಉಬ್ಬಿನ ಮೇಲೆ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ನೀರು ಹರಿಯೋ ಜಾಗದಲ್ಲೇ ತೂತು ಮಾಡಿದ ಹಾಗೆ.

ತಗಡಿನ_ಕೆಲಸ
ಈಗಿನ ಚೌಕ ಉಬ್ಬಿನ ಶೀಟಿಗೆ ತಗ್ಗಿನಲ್ಲೇ ಹೊಡೆಯೋದು. ಉಬ್ಬಿನ ಮೇಲೆ ಹೊಡೆದರೆ ಕೆಳಗೆ ಆಸರೆ ಇರಲ್ಲ, ಬಿಗಿ ಮಾಡಿದಾಗ ಶೀಟೇ ಅಮುಕಿಕೊಳ್ಳುತ್ತದೆ.

ಹಳೇಗುದ್ದಲಿ
ಮೂವತ್ತು ವರ್ಷದಿಂದ ಉಬ್ಬಿನ ಮೇಲೆ ಹೊಡೆದದ್ದು ಒಂದೂ ಸೋರಿಲ್ಲ.

ನಟ್ಟುಬೋಲ್ಟು
ಇಬ್ಬರೂ ನಿಮ್ಮ ನಿಮ್ಮ ಶೀಟಿಗೆ ಸರಿ ಹೇಳುತ್ತಿದ್ದೀರಿ. ದುಂಡು ಅಲೆಯ ಹಳೇ ನಮೂನೆಗೆ ಉಬ್ಬಿನ ಮೇಲೆ. ಅಗಲ ತಗ್ಗಿರುವ ಚೌಕ ನಮೂನೆಗೆ ಹಲವು ಕಡೆ ತಗ್ಗಿನಲ್ಲಿ, ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿ. ಶೀಟ್ ಮಾಡಿದವರು ಕೊಟ್ಟ ಚೀಟಿಯಲ್ಲಿ ಬರೆದಿರುತ್ತದೆ. ಎರಡಕ್ಕೂ ಒಂದೇ ನಿಯಮ: ಸ್ಕ್ರೂವನ್ನು ಸಿಕ್ಕಾಪಟ್ಟೆ ಬಿಗಿ ಮಾಡಬೇಡಿ. ವಾಷರ್ ಲೋಹದ ಬಿಲ್ಲೆಯ ಅಂಚಿನಿಂದ ಹೊರಗೆ ಹಿಂಡಿ ಬಂದರೆ ಜಾಸ್ತಿಯಾಯಿತು ಅಂತ, ಅದು ಬೇಗ ಸೀಳುತ್ತದೆ.

ಮಳೆಹನಿ
ಹಿತ್ತಲಗಿಡ ಅವರೇ, ಎಲ್ಲರೂ ಗೋಡೆ, ಮಾಡು ಅಂತ ಮಾತಾಡುತ್ತಿದ್ದಾರೆ. ನಾನು ನಿಮ್ಮ ಪಟ್ಟಿಯನ್ನು ಮತ್ತೆ ಓದಿದೆ. ಗೊಬ್ಬರದ ಚೀಲ ಮತ್ತು ಅಪ್ಪನ ಉಳಿ ಒಂದೇ ಕೋಣೆಯಲ್ಲಿ ಇಡುತ್ತೀರಾ?

ರಾಸಾಯನಿಕ ಗೊಬ್ಬರ ಅಂದರೆ ಉಪ್ಪೇ. ಗಾಳಿಯ ತೇವ ಎಳೆದು ನೀರಾಗುತ್ತದೆ. ಅದರ ಪುಡಿ ಕಬ್ಬಿಣದ ಮೇಲೆ ಕೂತರೆ ತುಕ್ಕಿಗೆ ಹಬ್ಬ. ಸ್ವಚ್ಛ ಕಬ್ಬಿಣಕ್ಕೆ ಗಾಳಿಯ ತೇವ ಶೇಕಡ 60 ದಾಟಿದ ಮೇಲೆ ತುಕ್ಕು ಜೋರಾಗುತ್ತದೆ, ಉಪ್ಪಿನ ದೂಳಿದ್ದರೆ ಅದಕ್ಕೂ ಕಡಿಮೆ ತೇವ ಸಾಕು. ಈಜುಕೊಳಕ್ಕೋ ತೊಟ್ಟಿಗೋ ಹಾಕುವ ಬ್ಲೀಚಿಂಗ್ ಪೌಡರ್ ಇದ್ದರಂತೂ ಅದರ ಹಬೆಯೇ ಸಾಕು ಇಡೀ ಶೆಡ್ಡಿನ ಸ್ಕ್ರೂಗಳನ್ನು ತಿನ್ನೋಕೆ. ಟಾರ್ಪಾಲಿನ ಕೆಳಗೆ ನಿಮ್ಮ ಉಪಕರಣ ಅಷ್ಟು ಬೇಗ ಕೆಟ್ಟದ್ದು ಮಳೆಯೊಂದರಿಂದ ಇರಲಾರದು.

ಹಿತ್ತಲಗಿಡ
ನೀವು ಹೇಳಿದ ಮೇಲೆ ಹೋಗಿ ನೋಡಿ ಬಂದೆ. ಗೊಬ್ಬರದ ಒಂದು ಚೀಲ ಹರಿದಿದೆ, ಅದು ಇದ್ದದ್ದು ಅಪ್ಪನ ಪೆಟ್ಟಿಗೆಯ ಪಕ್ಕದಲ್ಲೇ! ಪೆಟ್ಟಿಗೆಯ ಆ ಬದಿಯಲ್ಲಿದ್ದ ಉಳಿಗಳೇ ಹೆಚ್ಚು ಕೆಟ್ಟಿವೆ. ಇಷ್ಟು ದಿನ ಬರೀ ಮಳೆಯನ್ನು ದೂರುತ್ತಿದ್ದೆ.

ಮರದ_ಮಾತು
ಉಳಿಗಳನ್ನು ಈಗಲೇ ಒಳಗೆ ತಂದು ಒರೆಸಿ. ಮೊದಲು ಒಣ ಬಟ್ಟೆ, ಆಮೇಲೆ ನುಣ್ಣನೆ ಉಕ್ಕಿನ ನಾರಿಗೆ ಸ್ವಲ್ಪ ಯಂತ್ರದ ಎಣ್ಣೆ ಹಾಕಿ ಉಜ್ಜಿ. ಮೇಲಿನ ಕೆಂಪು ಹೋಗುತ್ತದೆ. ಗುಳಿ ಬಿದ್ದಿರೋದು ಉಳಿಯ ಬೆನ್ನಲ್ಲಿ ಇಲ್ಲದಿದ್ದರೆ ಮತ್ತೆ ಸಾಣೆ ಹಿಡಿದರೆ ಮೊದಲಿನ ಹಾಗೇ ಕತ್ತರಿಸುತ್ತದೆ. ಹಳೇ ಉಳಿಯ ಉಕ್ಕು ಒಳ್ಳೆಯದಿರುತ್ತದೆ, ಬಿಡಬೇಡಿ.

ಬೆಳಗಿನ_ಬಿಸಿಲು
ಪೆಟ್ಟಿಗೆಯಲ್ಲಿ ಒಂದು ಮುಷ್ಟಿ ಇದ್ದಿಲು ಇಡಿ, ತೇವ ಹೀರುತ್ತದೆ.

ಮಳೆಹನಿ
ಇದ್ದಿಲು ವಾಸನೆಗೆ ಒಳ್ಳೆಯದು, ತೇವಕ್ಕೆ ಅಷ್ಟು ಸಾಲದು ಅಕ್ಕ. ಸಿಲಿಕಾ ಜೆಲ್ ಪೊಟ್ಟಣ ಇಡಲಿ. ನೀರು ಹೀರಿ ತುಂಬಿದ ಮೇಲೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿದ್ದರೆ ಮಾತ್ರ ಪ್ರಯೋಜನ.

ಸೈಕಲ್_ಸವಾರ
ಬಾಗಿಲಿನ ಅಗಲದ ಬಗ್ಗೆ ಒಂದು ಮಾತು. ತಳ್ಳುಗಾಡಿಯ ಹಿಡಿಯ ಅಗಲ ಅಳೆಯಿರಿ, ಚಕ್ರದ್ದಲ್ಲ. ಅದಕ್ಕೆ ಎರಡೂ ಕಡೆ ಒಂದೊಂದು ಅಂಗೈ ಅಗಲ ಸೇರಿಸಿ. ನಾವು ಎರಡೂವರೆ ಅಡಿ ಬಾಗಿಲು ಇಟ್ಟು, ಸೈಕಲ್ ತೆಗೆಯುವಾಗೆಲ್ಲ ಗೆಣ್ಣು ತರಚಿಕೊಳ್ಳುತ್ತಿದ್ದೆವು. ಕೊನೆಗೆ ಗೋಡೆ ಕತ್ತರಿಸಿ ನಾಲ್ಕು ಅಡಿಯ ಎರಡು ರೆಕ್ಕೆ ಬಾಗಿಲು ಹಾಕಿಸಿದೆವು.

ನಟ್ಟುಬೋಲ್ಟು
ಪೆಟ್ರೋಲ್ ಕ್ಯಾನನ್ನು ಮುಚ್ಚಿದ ಬಿಸಿ ಶೆಡ್ಡಿನಲ್ಲಿ ಇಡಬೇಡಿ. ಮೆಷಿನ್ನಿನ ಟ್ಯಾಂಕ್ ಖಾಲಿ ಮಾಡಿ ಇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಅದಕ್ಕೂ ಆ ಕೆಳಗಿನ ಗಾಳಿಕಿಂಡಿ ಬೇಕೇ ಬೇಕು.

ಹಿತ್ತಲಗಿಡ
ನಾಲ್ಕು ದಿನ ಮನೆಯವರ ಜೊತೆ ಕೂತು ಯೋಚಿಸಿ ಹೀಗೆ ಮಾಡೋಣ ಅಂದುಕೊಂಡಿದ್ದೇವೆ. ತಪ್ಪಿದ್ದರೆ ಹೇಳಿ.

ಮರದ ಬುಡ ನಿನ್ನೆಯೇ ತೆಗೆಸಿದೆ. ಇಳಿಜಾರಿನ ಮೇಲ್ಭಾಗದಲ್ಲಿ ಒಂದು ಸಣ್ಣ ಕಾಲುವೆ ತೋಡಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸುತ್ತೇವೆ. ಕೆಳಗೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ 4 ಇಂಚು ಕಾಂಕ್ರೀಟು. ಸುತ್ತ ಒಂದು ಸಾಲು ಗಟ್ಟಿ ಬ್ಲಾಕು, ಹಾಗಾಗಿ ಮರ ನೆಲದಿಂದ 8 ಇಂಚು ಮೇಲೆ ಶುರುವಾಗುತ್ತದೆ. ಮರದ ಚೌಕಟ್ಟು, ಹೊರಗೆ 10 ಮಿ.ಮೀ. ಫೈಬರ್ ಸಿಮೆಂಟ್ ಬೋರ್ಡು, ಒಳಗೆ ಉಪಕರಣ ತೂಗುಹಾಕುವ ಒಂದು ಗೋಡೆಗೆ ಮಾತ್ರ ಪ್ಲೈವುಡ್. ಮಾಡು ತಗಡು, ಅದರ ಕೆಳಗೆ ಫೋಮ್. ಬೆಳಕಿಗೆ ಮಾಡಿನಲ್ಲಿ ಒಂದು ಪಟ್ಟಿ ಪಾಲಿಕಾರ್ಬೊನೇಟ್ (ಬೆಳಕು ಬಿಡೋ ಗಟ್ಟಿ ಪ್ಲಾಸ್ಟಿಕ್) ಶೀಟ್. ಗೊಬ್ಬರಕ್ಕೆ ಹೊರಗೆ ಸೂರಿನ ಕೆಳಗೆ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು. ಬಾಗಿಲು ನಾಲ್ಕು ಅಡಿ.

ಸಾಲು_ಇಟ್ಟಿಗೆ
ಕಾಂಕ್ರೀಟು ಗೋಡೆಯ ಹೊರಗಿನ ಅಂಚಿಗಿಂತ ಆಚೆ ಚಾಚಬಾರದು. ಚಾಚಿದರೆ ಗೋಡೆಯಿಂದ ಇಳಿದ ನೀರು ಅದರ ಮೇಲೆ ನಿಂತು ಬ್ಲಾಕಿನ ಕೆಳಗಿಂದ ಒಳಗೆ ಬರುತ್ತದೆ.

ತಗಡಿನ_ಕೆಲಸ
ಮಾಡಿನ ಇಳಿಜಾರು ಎಷ್ಟು? 8 ಅಡಿಗೆ ಕನಿಷ್ಠ ಒಂದೂವರೆ ಅಡಿ ಕೊಡಿ. ಒಬ್ಬರು ಕಡಿಮೆ ಸಾಕು ಅಂದರೂ ಕೇಳಬೇಡಿ.

ಮರದ_ಮಾತು
ಚೌಕಟ್ಟಿನ ತುದಿಗಳಿಗೆ ಸೀಲರ್!

ಹಿತ್ತಲಗಿಡ
ಖಂಡಿತ. ಮೂರೂ ಬರೆದುಕೊಂಡೆ. ಕೊನೆಯದಾಗಿ, ಪಾಲಿಕಾರ್ಬೊನೇಟ್ ಶೀಟಿಗೆ ಎರಡು ಕಡೆಯೂ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ಒಂದು ಕಡೆ ಅಕ್ಷರ ಇದೆ, ಇನ್ನೊಂದು ಕಡೆ ಏನೂ ಇಲ್ಲ. ಯಾವುದು ಮೇಲೆ ಬರಬೇಕು?

ನಟ್ಟುಬೋಲ್ಟು
ಸಾಮಾನ್ಯವಾಗಿ ಅಕ್ಷರ ಇರುವ ಕಡೆ ಆಕಾಶಕ್ಕೆ. ಬಿಸಿಲು ತಡೆಯುವ ಪದರ ಆ ಮೈಯಲ್ಲಿ ಮಾತ್ರ ಇರುತ್ತದೆ, ಉಲ್ಟಾ ಹಾಕಿದರೆ ಕೆಲವೇ ವರ್ಷದಲ್ಲಿ ಹಳದಿಯಾಗಿ ಬಿರಿಯುತ್ತದೆ. ಹಾಳೆ ಕೀಳುವ ಮುಂಚೆ ಅಕ್ಷರ ಓದಿ, ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಸ್ಕ್ರೂ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ಅದಕ್ಕೂ ಹಿಗ್ಗೋಕೆ ಜಾಗ ಬೇಕು.

ಹಿತ್ತಲಗಿಡ
ಅಕ್ಷರ ಮೇಲೆ. ಸರಿ. ಸೋಮವಾರ ಜಲ್ಲಿ ಬರುತ್ತದೆ.